ಝಾಡಿಸಿ ಕೊಟ್ಟ ಹಾಳೆಗಳು

ತುಳಜಾಬಾಯಿಯ ಕೈಯಿಂದ ಹೋದ ವಸ್ತುವಿನಲ್ಲಿ ಹೊಲಸು ಸಿಕ್ಕಿತೆಂದು ಬಂಕನಾಳದಲ್ಲಿ ಯಾರೂ ಹೇಳುವಂತಿರಲಿಲ್ಲ. ಹುಡುಕಿರಲಿಲ್ಲ ಎಂದಲ್ಲ. ಮೇಲಿನ ಓಣಿಯವರು ಅವಳು ಹುಟ್ಟಿದಾಗಿನಿಂದ ಹುಡುಕುತ್ತಲೇ ಇದ್ದರು. ಕೇಳಿ ತಂದ ಮೊರವನ್ನು ವಾಪಸು ಕೊಡುವಾಗ ಅವಳು ಎರಡು ಸಲ ಝಾಡಿಸುತ್ತಿದ್ದಳು. ಗೋಣಿಚೀಲವನ್ನು ಒಳಮೈ ಹೊರಗೆ ಮಾಡಿ ಬಡಿಯುತ್ತಿದ್ದಳು. ಕಳೆ ತೆಗೆಯುವ ಕುರ್ಪಿಗೆ ಹತ್ತಿದ ಮಣ್ಣನ್ನು ಉಗುರಿನಿಂದ ಕೆರೆದು, ಸೆರಗಿನಿಂದ ಒರೆಸಿ, ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಕೈಗೆ ಕೊಡುವ ಪದ್ಧತಿ ಇರಲಿಲ್ಲ.

ಇದು ಅವಳ ಅವ್ವ ಹಾಕಿಕೊಟ್ಟ ರೂಢಿ. "ನಮ್ಮ ಓಣಿಯಿಂದ ಹೋಗೋದು ಅವರ ಮನ್ಯಾಗ ಇದ್ದದ್ದಕ್ಕಿಂತ ಸಾಫ್ ಇರಬೇಕು ಬೇ. ಇಲ್ಲಂದ್ರ ಮಾರಿ ಮ್ಯಾಲ ಒಗೀತಾರ" ಎನ್ನುತ್ತಿದ್ದಳು. ಸುಮ್ಮನೆ ಹೇಳಿದ್ದಲ್ಲ. ಒಂದು ಸಲ ಮೊರದ ಹೆಣಿಗೆಯಲ್ಲಿ ಜೋಳದ ಹೊಟ್ಟು ಉಳಿದಿತ್ತು. ಒಂದೇ ಒಂದು ಹೊಟ್ಟು. ಆ ಮೊರ ತಿರುಗಿ ಬಂದು ಅವ್ವನ ಹುಬ್ಬು ಸೀಳಿತು. ಆ ಗುರುತನ್ನು ಅವ್ವ ಮಣ್ಣಿಗೆ ಹೋಗುವ ತನಕ ಹೊತ್ತಿದ್ದಳು.

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಆಗಿರಬಹುದು. ಮೊರ ಒಗೆಯುವವರು ಈಗಿಲ್ಲ. ತುಳಜಾಬಾಯಿಯ ಕೈ ಮಾತ್ರ ಬದಲಾಗಿರಲಿಲ್ಲ. ಆ ಸಾಫ್ ಕೈಯೇ ಅವಳ ಮನೆ ಮುರಿಯಿತು. ಹೇಗೆಂದು ಕೇಳಿ.

ಚೌಡಾಪುರದಿಂದ ಗಾಣಗಾಪುರಕ್ಕೆ ಹೋಗುವ ದಾರಿ ಬಿಟ್ಟು ಎರಡು ಮೈಲಿ ಒಳಗೆ ಹೋದರೆ ಬಂಕನಾಳ. ಊರಿಗಿಂತ ಮೊದಲು ಕಾಣುವುದು ಸಕ್ಕರೆ ಫ್ಯಾಕ್ಟರಿಯ ಚಿಮಣಿ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಬ್ಬಿನ ಸಿಪ್ಪೆಯನ್ನೇ ಉರಿಸುತ್ತಾರೆ. ಹಂಗಾಮು ಮುಗಿದರೂ ಸ್ಪಿರಿಟ್ ಕುದಿಸುವ ಬಾಯ್ಲರ್ ಆರುವುದಿಲ್ಲ. ಬೂದಿ ಬೀಳುತ್ತಲೇ ಇರುತ್ತದೆ. ಒಗೆದು ಹಾಕಿದ ಬಟ್ಟೆಯ ಮೇಲೆ, ರೊಟ್ಟಿ ತಟ್ಟುವ ಹಿಟ್ಟಿನ ಮೇಲೆ, ಮಲಗಿದವರ ರೆಪ್ಪೆಯ ಮೇಲೆ. ದತ್ತನ ದರ್ಶನಕ್ಕೆ ಸೊಲ್ಲಾಪುರದ ಕಡೆಯಿಂದ ಬರುವ ಗಾಡಿಗಳು ಆ ತಿರುವಿನಲ್ಲಿ ತಪ್ಪದೇ ಗಾಜು ಏರಿಸುತ್ತವೆ. ಬಂಕನಾಳದವರಿಗೆ ಏರಿಸಲು ಗಾಜಿಲ್ಲ.

ತುಳಜಾಬಾಯಿಯ ಗಂಡ ಬೀರಲಿಂಗಪ್ಪ ಆ ಬಾಯ್ಲರಿನ ಬುಡದಲ್ಲಿ ಒಂಬತ್ತು ಹಂಗಾಮು ಬೂದಿ ತೋಡಿದ. ಬಿಸಿ ಬೂದಿ. ಮುಖಕ್ಕೆ ಒದ್ದೆ ಟವೆಲ್ಲು, ಕಾಲಿಗೆ ಹರಿದ ಬೂಟು, ಕೈಯಲ್ಲಿ ಸಲಿಕೆ. ಗುತ್ತಿಗೆಯ ಆಳು, ಹಾಜರಿ ಪುಸ್ತಕದಲ್ಲಿ ಅವನ ಹೆಸರೂ ಇರಲಿಲ್ಲ. ಹತ್ತನೆಯ ಹಂಗಾಮಿಗೆ ಅವನು ಸಲಿಕೆ ಎತ್ತಲು ಹೋಗಿ ಅಲ್ಲೇ ಕುಸಿದು ಕೂತ. ಕಲಬುರಗಿಯ ದವಾಖಾನೆಯವರು ಪುಪ್ಪುಸ ಗಟ್ಟಿಯಾಗಿದೆ ಎಂದರು. ಫ್ಯಾಕ್ಟರಿಯವರು ಬೀಡಿ ಸೇದಿರಬೇಕು ಎಂದರು. ಜನ್ಮದಲ್ಲಿ ಬೀಡಿ ಮುಟ್ಟದ ಮನುಷ್ಯ. ಅವತ್ತಿನಿಂದ ಅವನು ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಐವತ್ತು ತುಂಬಿರಲಿಲ್ಲ.

ಇಂಥ ಊರಿಗೆ ಕಳೆದ ವರ್ಷ ಒಂದು ಯೋಜನೆ ಬಂತು. ಹೊಗೆ ಬಿಡುವ ಫ್ಯಾಕ್ಟರಿ ಸರ್ಕಾರಕ್ಕೆ ಹೊಗೆಯ ಶುಲ್ಕ ಕಟ್ಟಬೇಕು. ಆ ದುಡ್ಡು ಆ ಹೊಗೆ ಕುಡಿಯುವ ಊರಿಗೇ ಬರಬೇಕು. ಕಾಗದದ ಮೇಲೆ ಬಹಳ ಚೆಂದದ ಮಾತು. ಅದರಿಂದ ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಬಂತು. ಪಂಚಾಯತಿ ಕಟ್ಟಡದ ಮಾಳಿಗೆಯ ಮೇಲೆ ಗಾಳಿ ಅಳೆಯುವ ಮಷೀನು ಕೂತಿತು. ಊರಿನ ಸಣ್ಣ ದವಾಖಾನೆಗೆ, ಮೂಗು ಬಾಯಿಗೆ ಕಟ್ಟಿ ಔಷಧದ ಆವಿ ಕೊಡುವ ಮಷೀನು ಬಂತು.

ಬೀರಲಿಂಗಪ್ಪನ ಮಟ್ಟಿಗೆ ಯೋಜನೆ ಎಂದರೆ ಆ ಆವಿ ಮಷೀನೇ. ನರ್ಸು ಶಿವಕಾಂತಾ ವಾರಕ್ಕೆ ಎರಡು ಸಲ ಅವನನ್ನು ಬೆಂಚಿನ ಮೇಲೆ ಕೂರಿಸಿ ಹತ್ತು ನಿಮಿಷ ಆವಿ ಹಿಡಿಸುತ್ತಿದ್ದಳು. ಹತ್ತೇ ನಿಮಿಷ. ಅವತ್ತು ಅವನು ಅಂಗಾತ ಮಲಗುತ್ತಿದ್ದ. ಮನುಷ್ಯರು ಮಲಗಿದ ಹಾಗೆ ಮಲಗುತ್ತಿದ್ದ. ವಾರದಲ್ಲಿ ಆ ಎರಡು ದಿನ ತುಳಜಾಬಾಯಿಗೂ ಕಣ್ಣು ಹತ್ತುತ್ತಿತ್ತು.

ಗಾಳಿ ಮಷೀನಿನ ಕೆಲಸ ಅವಳಿಗೇ ಬಂತು. ಯಾಕೆ ಬಂತೆಂದರೆ ಮಾಳಿಗೆಗೆ ಮೆಟ್ಟಿಲಿರಲಿಲ್ಲ, ಕಬ್ಬಿಣದ ಏಣಿ ಇತ್ತು. ಬಸ್ ಸ್ಟ್ಯಾಂಡಿನ ಗಂಡಸರೆಲ್ಲ ನೋಡುತ್ತಿರುವಾಗ ಏಣಿ ಹತ್ತುವುದು ಮೇಲಿನ ಓಣಿಯ ಹೆಂಗಸರಿಗೆ ಮರ್ಯಾದೆಯಲ್ಲ. ತುಳಜಾಬಾಯಿಗೆ ಮರ್ಯಾದೆ ಇದೆಯೆಂದು ಯಾರಿಗೂ ಅನಿಸಿರಲಿಲ್ಲ. ಹೀಗಾಗಿ ಸರಾಗವಾಗಿ ಆಯ್ಕೆಯಾಯಿತು.

ಜಿಲ್ಲೆಯಿಂದ ಬಂದ ನಂದಕಿಶೋರ ಎಂಬ ಹುಡುಗು ಮುಖದ ಇಂಜಿನಿಯರ್ ಅರ್ಧ ಗಂಟೆಯಲ್ಲಿ ಕೆಲಸ ಕಲಿಸಿದ. ವಾರಕ್ಕೆ ಎರಡು ದಿನ ಮಷೀನಿನ ಬಾಯಿಗೆ ದಪ್ಪ ಬಿಳಿ ಹಾಳೆ ಇಡಬೇಕು. ತಿರುಪು ಬಿಗಿಯಬೇಕು. ಗುಂಡಿ ಒತ್ತಬೇಕು. ಹಿಟ್ಟಿನ ಗಿರಣಿಯ ಹಾಗೆ ಅದು ಒಂದು ದಿನ ಪೂರ್ತಿ ಕೂಗುತ್ತದೆ. ಮರುದಿನ ಅದೇ ಹೊತ್ತಿಗೆ ಹಾಳೆಯನ್ನು ಅಂಚು ಹಿಡಿದು ತೆಗೆದು, ಮಡಿಚಿ, ಲಕೋಟೆಗೆ ಹಾಕಿ, ಮೇಲೆ ನಂಬರ್ ಬರೆಯಬೇಕು. ಅಂಕಿ ಬರೆಯುವುದನ್ನೂ ಅವನೇ ಕಲಿಸಿದ. ಸೊನ್ನೆಯಿಂದ ಒಂಬತ್ತರ ತನಕ. ತುಳಜಾಬಾಯಿ ಕಲಿತ ವಿದ್ಯೆ ಅಷ್ಟು.

ಆ ಹಾಳೆಯನ್ನು ಜಿಲ್ಲೆಯಲ್ಲಿ ತೂಗುತ್ತಾರೆ. ಎಷ್ಟು ಬೂದಿ ಹಿಡಿದಿದೆ ಎಂದು ನೋಡುತ್ತಾರೆ. ಹೆಚ್ಚು ಹಿಡಿದಿದ್ದರೆ ಫ್ಯಾಕ್ಟರಿಯ ಶುಲ್ಕ ಹೆಚ್ಚು, ಕಮ್ಮಿ ಹಿಡಿದಿದ್ದರೆ ಕಮ್ಮಿ. ಇದನ್ನು ನಿಮಗೆ ಈಗಲೇ ಹೇಳುತ್ತಿದ್ದೇನೆ. ತುಳಜಾಬಾಯಿಗೆ ಮಾತ್ರ ಯಾರೂ ಹೇಳಲಿಲ್ಲ. ಏಣಿ ಹತ್ತುವವಳಿಗೆ ಇದೆಲ್ಲ ಯಾಕೆ ಎಂದುಕೊಂಡಿರಬೇಕು. ಊರಿನವರು ಅದನ್ನು ಗಾಳಿ ಸೋಸುವ ಮಷೀನು ಎಂದು ತಿಳಿದಿದ್ದರು. ಹಾಲು ಸೋಸುವ ಅರಿವೆಯ ಹಾಗೆ ಈ ಹಾಳೆಯೂ ಸೋಸುವ ಅರಿವೆ, ಆಫೀಸಿನವರು ಅದನ್ನು ಮತ್ತೆ ಬಳಸುತ್ತಾರೆ ಎಂದೇ ಅವಳ ಲೆಕ್ಕ.

ಮೊದಲ ದಿನ ಹಾಳೆ ತೆಗೆದಾಗ ಅವಳಿಗೆ ನಾಚಿಕೆಯಾಯಿತು. ನಿನ್ನೆ ಹಾಲಿನಂತೆ ಬಿಳಿಯಿದ್ದದ್ದು ಇವತ್ತು ಹಂಚಿನ ಬೆನ್ನಾಗಿತ್ತು. ಇದನ್ನು ಹೀಗೇ ಆಫೀಸಿಗೆ ಕಳಿಸುವುದೇ? ಯಾರು ಕಳಿಸಿದ್ದು ಎಂದು ಕೇಳುವುದಿಲ್ಲವೇ? ಅವಳ ಕೈ ತಾನಾಗಿ ಎದ್ದಿತು. ಗೋಡೆಯ ಅಂಚಿಗೆ ಹಾಳೆಯನ್ನು ಮೆಲ್ಲಗೆ ಬಡಿದಳು. ಒಂದು ಸಲ, ಎರಡು ಸಲ. ಬೂದಿ ಉದುರಿತು.

ಝಾಡಿಸಬೇಡ ಎಂದು ನಂದಕಿಶೋರ ಹೇಳಿರಲಿಲ್ಲ. ಯಾರಾದರೂ ಝಾಡಿಸಿಯಾರು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಅವನ ಮನೆಯಲ್ಲಿ ಝಾಡಿಸುವ ಕೆಲಸ ಬೇರೆಯವರದು.

ಉದುರಿದ ಬೂದಿ ಪಕ್ಕದ ಅಂಗಳಕ್ಕೆ ಬಿತ್ತು. ಅದು ಪಂಚಾಯತಿ ಅಧ್ಯಕ್ಷ ಶಂಕರಲಿಂಗಗೌಡನ ಅಂಗಳ. ಗೌಡನ ಹೆಂಡತಿ ಭುವನೇಶ್ವರಿ ಚಾಪೆಯ ಮೇಲೆ ಸಂಡಿಗೆ ಹಾಕಿದ್ದಳು.

"ಏ ತುಳಜಿ! ಕಣ್ಣ್ ಕಾಣಂಗಿಲ್ಲೇನ್ ಬೇ? ನಿಮ್ಮ ಓಣಿ ಬೂದಿ ತಂದು ನಮ್ಮ ಸಂಡಗಿ ಮ್ಯಾಲ ಹಾಕ್ತೀ?"

ಬೂದಿಗೂ ಓಣಿ ಹಚ್ಚಿದಳು ಆ ಮಹಾತಾಯಿ. ಅವಳ ಗಂಡನ ನಲವತ್ತು ಎಕರೆ ಕಬ್ಬು ಉರಿದು ಬಂದ ಬೂದಿ ಅದು. ತುಳಜಾಬಾಯಿ ಅದನ್ನು ಹೇಳಲಿಲ್ಲ. "ತಪ್ಪಾತ್ರಿ ಗೌಡಸಾನಿ" ಎಂದಳು. ಮರುದಿನ ಒಂದು ಹಳೆಯ ಪೌಡರ್ ಡಬ್ಬಿ ತಂದು ಮಷೀನಿನ ಕಾಲಿಗೆ ಕಟ್ಟಿದಳು. ಹಾಳೆಯ ಬೂದಿಯನ್ನು ಡಬ್ಬಿಯೊಳಗೆ ಬಡಿದು, ಉಳಿದದ್ದನ್ನು ಸೆರಗಿನ ತುದಿಯಿಂದ ಹಗುರ ಒರೆಸಿ, ಆಮೇಲೆ ಮಡಿಚುತ್ತಿದ್ದಳು. ವಾರಕ್ಕೆ ಎರಡು ಸಲ. ವರ್ಷವಿಡೀ. ಮಳೆಗಾಲದಲ್ಲಿ ಏಣಿ ಜಾರಿ ಮೊಣಕಾಲು ಕೆತ್ತಿತು, ಒಂದು ಹಾಳೆಯನ್ನೂ ತಪ್ಪಿಸಲಿಲ್ಲ.

ಹದಿನೈದು ದಿನಕ್ಕೊಮ್ಮೆ ಲಕೋಟೆ ಒಯ್ಯಲು ಬರುವ ನಂದಕಿಶೋರ ಅವಳನ್ನು ಹೊಗಳುತ್ತಿದ್ದ. "ಬ್ಯಾರೆ ಊರಾಗ ಹಾಳಿ ಹರದಿರ್ತಾವ, ನಂಬರ್ ಬರದಿರಂಗಿಲ್ಲ. ನಿಮ್ದು ನೋಡ್ರಿ ಬಾಯಾರ, ಕೈಗೆ ತಗೊಂಡ್ರ ಖುಷಿ ಆಗ್ತದ."

ಮೊದಲ ಸಲ ಹಾಗೆಂದ ದಿನ ಅವಳು ಮನೆಗೆ ಬಂದು ಗಂಡನಿಗೆ ಹೇಳಿದಳು. "ನನ್ನ ಕೆಲಸ ಛಲೋ ಅದ ಅಂದ್ರು ಸಾಹೇಬ್ರು."

ಬೀರಲಿಂಗಪ್ಪ ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ನನಗೂ ಒಂಬತ್ತು ವರ್ಷ ಹಂಗೇ ಅಂದಿದ್ರು" ಎಂದ.

ಜನವರಿ ಇಪ್ಪತ್ತಾರರಂದು ಧ್ವಜ ಹಾರಿಸಿ ಆದ ಮೇಲೆ ಪಂಚಾಯತಿಯ ಮುಂದೆ ಗ್ರಾಮಸಭೆ ಕೂಡಿತು. ಶಾಮಿಯಾನ ಹಾಕಿದ್ದರು. ಜಿಲ್ಲೆಯ ದೊಡ್ಡ ಸಾಹೇಬ ಪ್ರಹ್ಲಾದ ಬಂದಿದ್ದ. ಫ್ಯಾಕ್ಟರಿಯ ಮ್ಯಾನೇಜರನೂ ಬಂದಿದ್ದ. ಅವರಿಗೆ ಸೋಫಾ, ಮೇಲಿನ ಓಣಿಗೆ ಕುರ್ಚಿ, ಕೆಳಗಿನ ಓಣಿಗೆ ನೆಲ. ತುಳಜಾಬಾಯಿ ಕಂಬಕ್ಕೆ ಆತು ನಿಂತಿದ್ದಳು. ಸಂಜೆ ಧ್ವಜ ಇಳಿಸುವ ಹೊತ್ತಿಗೆ ಅದರ ಬಿಳಿ ಪಟ್ಟಿಯನ್ನು ಯಾವ ಬಣ್ಣ ಎನ್ನಬೇಕೋ, ಅಷ್ಟು ಬೂದಿ ಬೀಳುತ್ತಿತ್ತು.

ಪ್ರಹ್ಲಾದ ಸಾಹೇಬ ಮೈಕಿನ ಮುಂದೆ ನಿಂತು ಸಿಹಿಸುದ್ದಿ ತಂದಿದ್ದೇನೆ ಎಂದ.

"ಒಂದು ವರ್ಷ ನಿಮ್ಮೂರಿನ ಗಾಳಿ ಅಳೆದೀವಿ. ಸುತ್ತಮುತ್ತಲಿನ ಎಲ್ಲಾ ಊರಿಗಿಂತ ಬಂಕನಾಳದ ಗಾಳಿ ಸ್ವಚ್ಛ ಅದ. ಫ್ಯಾಕ್ಟರಿಯವರಿಗೆ ಅಭಿನಂದನೆ ಹೇಳಬೇಕು. ನಿಯಮದ ಪ್ರಕಾರ ಇನ್ನು ಅವರು ಈ ಊರಿಗೆ ಶುಲ್ಕ ಕಟ್ಟೋ ಅಗತ್ಯ ಇಲ್ಲ. ಶುಲ್ಕ ಇಲ್ಲದ ಮ್ಯಾಲ ಯೋಜನೆನೂ ಇರಂಗಿಲ್ಲ. ತಿಂಗಳ ಕೊನಿಗೆ ಮಷೀನು, ಟ್ಯಾಂಕರು, ದವಾಖಾನೆಯ ಸಾಮಾನು ಎಲ್ಲಾ ಜೇವರ್ಗಿ ಕಡಿ ಊರಿಗೆ ಹೋಗ್ತಾವ. ಅಲ್ಲಿ ಜನಾ ಭಾಳ ತ್ರಾಸಿನಾಗಿದ್ದಾರ."

ಕುರ್ಚಿಯವರು ಚಪ್ಪಾಳೆ ತಟ್ಟಿದರು. ನೆಲದವರೂ ತಟ್ಟಿದರು. ಸ್ವಚ್ಛ ಎಂದರೆ ಒಳ್ಳೆಯದೇ ಅಲ್ಲವೇ?

ನರ್ಸು ಶಿವಕಾಂತಾ ಎದ್ದು ನಿಂತಳು. "ಸರ್, ದಮ್ಮಿನ ಪೇಷಂಟು ಹೋದ ವರ್ಷಕ್ಕಿಂತ ಹೆಚ್ಚಾಗ್ಯಾರ್ರಿ. ನನ್ನ ರಿಜಿಸ್ಟರ್‌ನಾಗ ಅದ. ಆವಿ ಮಷೀನ್ ಒಯ್ದ್ರ ಇವರು ಎಲ್ಲಿ ಹೋಗಬೇಕ್ರಿ?"

"ನಿಮ್ಮ ರಿಜಿಸ್ಟರ್ ಆರೋಗ್ಯ ಇಲಾಖೆದ್ದು ಮೇಡಂ. ಗಾಳಿಗೆ ಅದು ಪುರಾವೆ ಆಗಂಗಿಲ್ಲ. ಪುರಾವೆ ಇಲ್ಲದೆ ನಾವು ಮಾತಾಡಂಗಿಲ್ಲ." ಅವನು ನಂದಕಿಶೋರನ ಕಡೆ ಕೈ ಮಾಡಿದ. ನಂದಕಿಶೋರ ಎರಡು ಹಾಳೆ ಎತ್ತಿ ಹಿಡಿದ. ಒಂದು ಜೇವರ್ಗಿ ಕಡೆಯದು, ಕಾಡಿಗೆ ಬಳಿದ ಹಾಗೆ ಕಪ್ಪು. ಇನ್ನೊಂದು ಬಂಕನಾಳದ್ದು, ತಿಳಿ ಬೂದು.

ನೆಲದ ಮೇಲೆ ಕೂತ ಜನ ಗುಜುಗುಜು ಮಾಡಿದರು. ತಮ್ಮ ತಲೆಯ ಮೇಲೆ ಬೀಳುತ್ತಿರುವುದು ಮತ್ತೇನು ಎಂದು ಒಬ್ಬ ಮುದುಕ ಗೊಣಗಿದ.

ತುಳಜಾಬಾಯಿ ಮಾತ್ರ ಆ ಕಪ್ಪು ಹಾಳೆಯನ್ನೇ ನೋಡುತ್ತಿದ್ದಳು. ಆವಿ ಮಷೀನು ಹೋಗುತ್ತದೆ ಎಂಬ ಮಾತು ಇನ್ನೂ ಅವಳ ತಲೆಗೆ ಇಳಿದಿರಲಿಲ್ಲ. ಆ ಹಾಳೆ ಕಂಡು ಅವಳಿಗೆ ಮೊದಲು ಬಂದದ್ದು ಮರುಕ. ಯಾರೋ ಪಾಪ, ಕೆಲಸ ಬರದವರು. ನಾಲ್ಕು ಜನರ ಮುಂದೆ ಅವರ ಹೊಲಸನ್ನು ಎತ್ತಿ ತೋರಿಸುತ್ತಿದ್ದಾರೆ. ಅದರ ಹಿಂದೆಯೇ ಹೆಮ್ಮೆ ಬಂತು. ಹುಟ್ಟಿದ ಮೇಲೆ ಮೊದಲ ಸಲ ಅವಳು ಸಭೆಯಲ್ಲಿ ಬಾಯಿ ತೆಗೆದಳು.

"ಅವರು ಝಾಡಿಸಿಲ್ರಿ ಸಾಹೇಬ್ರ. ಝಾಡಿಸಿದ್ರ ಅದೂ ನಮ್ಮದ್ರಂಗ ಆಗ್ತದ."

ನಂದಕಿಶೋರ ತಿರುಗಿ ನೋಡಿದ. "ಏನಂದ್ರಿ?"

"ಹಾಳಿ ಝಾಡಿಸಿ ಕೊಡಬೇಕ್ರಿ. ನಾ ಹಿಂಗ ಎರಡು ಸಲ ಬಡೀತೇನಿ, ಆಮ್ಯಾಲ ಸೆರಗಿಲೆ ಹಗುರಕ ಒರಸ್ತೇನಿ. ಬೂದಿ ನಿಲ್ಲಂಗಿಲ್ಲ." ಅವಳು ಸೆರಗು ಹಿಡಿದು ಗಾಳಿಯಲ್ಲಿ ಒರೆಸಿ ತೋರಿಸಿದಳು.

ನಂದಕಿಶೋರನ ಕೈ ಕೆಳಗಿಳಿಯಿತು. "ಎಷ್ಟು ಹಾಳಿ ಝಾಡಿಸೀರಿ?"

"ಎಲ್ಲಾ ಝಾಡಿಸೇನ್ರಿ. ಒಂದೂ ಹೊಲಸ ಕಳಿಸಿಲ್ಲ."

ಮೊದಲು ನಕ್ಕವನು ಫ್ಯಾಕ್ಟರಿ ಮ್ಯಾನೇಜರ್. ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹಿಂದೆ ಗೌಡ ನಕ್ಕ. ಕುರ್ಚಿಗಳೆಲ್ಲ ನಕ್ಕವು. ಶಿವಕಾಂತಾ ನಗಲಿಲ್ಲ. ಅವಳು ಹಣೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟಳು. ಅವಳ ಮುಖ ನೋಡಿದಾಗ ತುಳಜಾಬಾಯಿಗೆ ಏನೋ ಕೆಟ್ಟಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ.

ಪಂಚಾಯತಿ ಆಫೀಸಿನೊಳಗೆ ಕರೆಸಿ ನಂದಕಿಶೋರನೇ ತಿಳಿಸಿ ಹೇಳಿದ. ಬೂದಿಯನ್ನೇ ತೂಗುವುದು. ಬೂದಿಯಿಂದಲೇ ಶುಲ್ಕ. ಶುಲ್ಕದಿಂದಲೇ ಆವಿ ಮಷೀನು. ಅವನು ಹೇಳುತ್ತ ಹೋದ ಹಾಗೆ ತುಳಜಾಬಾಯಿಯ ಕೈ ಸೆರಗಿನ ತುದಿಯನ್ನು ಹಿಂಡುತ್ತ ಹೋಯಿತು. ತೊಳೆದರೂ ಹೋಗದ ಕರಿ ಆ ತುದಿಯಲ್ಲಿತ್ತು. ಬೀರಲಿಂಗಪ್ಪನ ಉಸಿರನ್ನು ಅವಳು ಇದೇ ಸೆರಗಿನಿಂದ ಒರೆಸಿ ಹಾಕಿದ್ದಳು. ವಾರಕ್ಕೆ ಎರಡು ಸಲ, ಹೆಮ್ಮೆಯಿಂದ.

"ನನಗ ಮೊದಲ ಯಾಕ ಹೇಳ್ಲಿಲ್ರಿ ಸಾಹೇಬ್ರ?" ಎಂದಳು.

ನಂದಕಿಶೋರ ಮೇಜಿನ ಕಡೆ ತಿರುಗಿದ. "ಸರ್, ತಪ್ಪು ನಂದೂ ಅದ. ಟ್ರೇನಿಂಗ್‌ನಾಗ ನಾನು..."

ಪ್ರಹ್ಲಾದ ಅವನನ್ನು ಒಂದು ಸಲ ನೋಡಿದ. ಅಷ್ಟೇ. ಹುಡುಗ ಬಾಯಿ ಮುಚ್ಚಿದ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ತುಳಜಾಬಾಯಿ ಹೊರಗೆ ಓಡಿದಳು. ಏಣಿ ಹತ್ತಿದಳು. ಮಷೀನಿನ ಕಾಲಿಗೆ ಕಟ್ಟಿದ್ದ ಡಬ್ಬಿ ಬಿಚ್ಚಿ ತಂದು ಸಾಹೇಬನ ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದಳು.

"ಮೊದಲ ದಿನದ್ದು ಬಿಟ್ಟು ಎಲ್ಲಾ ಇಲ್ಲೇ ಅದ್ರಿ. ಒಂದು ಚೂರೂ ಚೆಲ್ಲಿಲ್ಲ. ಇದನ್ನ ತೂಗ್ರಿ."

ಹಾಳೆಯಿಂದ ಉದುರಿದ್ದು ಎಷ್ಟಿದ್ದೀತು? ಒಂದು ಹಿಡಿ. ನುಣ್ಣಗೆ, ಕಪ್ಪಗೆ. ಒಂದು ವರ್ಷದ ಗಾಳಿ. ಪ್ರಹ್ಲಾದ ಕುರ್ಚಿ ಹಿಂದೆ ಸರಿಸಿದ, ಅಂಗಿಗೆ ಹತ್ತೀತೆಂದು.

"ಇದಕ್ಕ ನಂಬರ್ ಅದ ಏನು? ತಾರೀಖು ಅದ ಏನು? ನಿಮ್ಮನಿ ಒಲಿ ಬೂದಿ ಅಲ್ಲಂತ ಯಾರು ಹೇಳಬೇಕು?"

"ನಾ ಹೇಳ್ತೇನ್ರಿ."

"ನೀ ಹೇಳೋದು ನಡಿಯಂಗಿಲ್ಲ."

ಗೌಡ ಕೆಮ್ಮಿ ಗಂಟಲು ಸರಿ ಮಾಡಿಕೊಂಡ. ಪ್ರಹ್ಲಾದ ನಿಧಾನವಾಗಿ, ಕೂಸಿಗೆ ಹೇಳುವ ಹಾಗೆ ಹೇಳಿದ. "ನೋಡಬೇ, ನೀ ಝಾಡಿಸಿದ್ದು ಖರೇ ಅಂದ್ರ ವರ್ಷದ ಹಾಳಿ ಎಲ್ಲಾ ರದ್ದು. ಅಳತಿ ಇಲ್ಲ ಅಂದ್ರ ಶುಲ್ಕ ಇಲ್ಲ. ಮತ್ತೊಂದು ವರ್ಷ ಅಳೀಬೇಕು, ಅದಕ್ಕ ಮತ್ತ ಮಂಜೂರಾತಿ ಬರಬೇಕು. ಝಾಡಿಸಿದ್ದು ಸುಳ್ಳು ಅಂದ್ರ ಗಾಳಿ ಸ್ವಚ್ಛ ಅದ. ಆಗಲೂ ಶುಲ್ಕ ಇಲ್ಲ. ಸುಮ್ನ ಯಾಕ ರಾಡಿ ಮಾಡ್ತಿ?"

ಅವನು ಒಂದು ಕಾಗದ ಬರೆಸಿದ. ಹಾಳೆಗಳನ್ನು ಹೇಳಿಕೊಟ್ಟ ಹಾಗೆಯೇ ತೆಗೆದು ಕೊಟ್ಟಿದ್ದೇನೆ, ಸಭೆಯಲ್ಲಿ ತಿಳಿಯದೆ ಏನೋ ಆಡಿದೆ ಎಂದು ಅದರಲ್ಲಿ ಇತ್ತು. ಕೆಳಗೆ ಅವಳ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು. ಶಂಕರಲಿಂಗಗೌಡ ಶಾಯಿಯ ಡಬ್ಬಿಯನ್ನು ಅವಳ ಕಡೆ ತಳ್ಳಿದ.

"ಒತ್ತು ತುಳಜಿ. ಫ್ಯಾಕ್ಟರಿ ಗೆಸ್ಟ್‌ಹೌಸ್‌ನಾಗ ಕಸಾ ಹೊಡಿಯೋ ಕೆಲಸ ಕೊಡಸ್ತೇನಿ. ನಿನ್ನ ಕೈ ಸಾಫ್ ಅದ ಅಂತ ಮ್ಯಾನೇಜರ್ ಸಾಹೇಬ್ರೂ ನೋಡ್ಯಾರ."

ಮ್ಯಾನೇಜರ್ ಮತ್ತೊಮ್ಮೆ ನಕ್ಕ.

"ಒತ್ತಿದ್ರ ಆವಿ ಮಷೀನ್ ಇರ್ತದೇನ್ರಿ ಗೌಡ್ರ?"

"ಅದು ಬ್ಯಾರೆ ಮಾತು."

"ಒತ್ತಲಿಲ್ಲಂದ್ರ?"

"ಆಗಲೂ ಹೋಗ್ತದ."

"ಹಂಗಾದ್ರ ನಾ ಯಾಕ ಒತ್ತಲಿ?"

ಗೌಡನಿಗೆ ಸಿಟ್ಟು ಬಂತು. "ಏನ್ ಬೇ, ಎದುರು ಮಾತಾಡ್ತಿ? ತಪ್ಪು ಮಾಡಿದಾಕಿ ನೀ."

"ಹೌದ್ರಿ. ನಾ ಮಾಡೇನಿ. ಅದನ್ನೇ ಬರೀರಿ. ತುಳಜಾಬಾಯಿ ಝಾಡಿಸ್ಯಾಳ ಅಂತ ಬರೀರಿ, ಹತ್ತೂ ಬೆರಳು ಒತ್ತತೇನಿ. ಝಾಡಿಸಿಲ್ಲ ಅಂತ ಒತ್ತಂಗಿಲ್ಲ."

ಅವಳು ಕೈಗಳನ್ನು ಹಿಂದೆ ಕಟ್ಟಿಕೊಂಡಳು. ಹೊಡೆಯುತ್ತಾರೆ ಎಂದುಕೊಂಡಿದ್ದಳು. ಯಾರೂ ಹೊಡೆಯಲಿಲ್ಲ. ಹೊಡೆಯುವಷ್ಟೂ ಅವಳ ಮಾತಿಗೆ ಬೆಲೆ ಇರಲಿಲ್ಲ. ಪ್ರಹ್ಲಾದ ಕಾಗದವನ್ನು ನಂದಕಿಶೋರನ ಕಡೆ ಸರಿಸಿ, "ಕಾರ್ಮಿಕಳು ಸಹಿ ನಿರಾಕರಿಸಿದಳು ಅಂತ ಬರದು ನೀವೇ ಸಹಿ ಮಾಡ್ರಿ. ಸಾಕು" ಎಂದ. ನಂದಕಿಶೋರ ತಲೆ ಎತ್ತದೆ ಬರೆದ, ಸಹಿ ಮಾಡಿದ. ಅಷ್ಟರಲ್ಲಿ ಬಜಿ ಬಂತು. ಎಲ್ಲರೂ ಬಜಿ ತಿಂದರು.

ಮನೆಯಲ್ಲಿ ಬೀರಲಿಂಗಪ್ಪ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದ. ಸುದ್ದಿ ಅವಳಿಗಿಂತ ಮೊದಲೇ ಬಂದು ಮುಟ್ಟಿತ್ತು. ಅವಳು ಎದುರಿಗೆ ಕುಕ್ಕರಿಸಿ ಅತ್ತಳು. ಎದೆ ಬಡಿದುಕೊಂಡು ಅತ್ತಳು.

"ನಾನೇ ಕೊಂದೆ ನಿನ್ನ. ನನ್ನ ಕೈಯಿಂದ ನಾನೇ ಕೊಂದೆ."

ಒಂದು ಮಾತಿಗೆ ಬೇಕಾದ ಉಸಿರನ್ನು ಅವನು ಮೊದಲು ಕೂಡಿಸಿಕೊಳ್ಳಬೇಕಿತ್ತು.

"ಒಂಬತ್ತು ಹಂಗಾಮು ಅವರ ಬೂದಿ ನಾ ತೋಡೇನಿ. ಒಂದು ವರ್ಷ ನೀ ಝಾಡಿಸಿದಿ. ಇಬ್ಬರೂ ಕೂಡಿ ಅವರ ಮನೀನೇ ಸಾಫ್ ಮಾಡೇವಿ. ಅಳಬ್ಯಾಡ."

ಆ ನಾಲ್ಕು ಮಾತಿನ ನಡುವೆ ಐದು ಸಲ ನಿಂತ.

ಶಿವಕಾಂತಾ ಉಳಿದ ದಿನಗಳಲ್ಲಿ ಲೆಕ್ಕ ನೋಡದೆ ಅವನಿಗೆ ದಿನಾ ಆವಿ ಹಿಡಿಸಿದಳು. ತಾಲೂಕು ಕೇಂದ್ರ ಅಫಜಲಪುರಕ್ಕೆ ಎರಡು ಸಲ ಹೋಗಿ ಅರ್ಜಿ ಕೊಟ್ಟಳು. ಒಂದು ಕಡೆ ಇದು ನಮ್ಮ ಇಲಾಖೆಯದಲ್ಲ ಎಂದರು, ಇನ್ನೊಂದು ಕಡೆ ಅರ್ಜಿ ಇಟ್ಟು ಹೋಗ್ರಿ ಎಂದರು. ತುಳಜಾಬಾಯಿ ಕೆಳಗಿನ ಓಣಿಯ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಫ್ಯಾಕ್ಟರಿಯ ಗೇಟಿನ ಮುಂದೆ ಅರ್ಧ ದಿನ ಕೂತಳು. ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನ್ ಹಾಕುತ್ತ ಪಕ್ಕದಿಂದ ಹೋದವು. ಮಧ್ಯಾಹ್ನಕ್ಕೆ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅವರ ಗಂಡಂದಿರು ಒಳಗೆ ಬೂದಿ ತೋಡುತ್ತಿದ್ದರು, ಫ್ಯಾಕ್ಟರಿಯವರನ್ನು ಹೇಗೆ ಬೈಯುವುದು?

ತಿಂಗಳ ಕೊನೆಯ ದಿನ ಬೆಳಿಗ್ಗೆ ಜೀಪು ಬಂತು. ಹಿಂದೆ ಸಾಮಾನು ಹೇರಲು ಒಂದು ಟಂಟಂ ಆಟೋ. ದವಾಖಾನೆಯಿಂದ ಆವಿ ಮಷೀನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ತಂದು ಟಂಟಂನಲ್ಲಿ ಇಟ್ಟಿದ್ದರು. ಶಿವಕಾಂತಾ ಬಾಗಿಲಲ್ಲಿ ನಿಂತಿದ್ದಳು, ಹೊರಗೆ ಬರಲಿಲ್ಲ. ನಂದಕಿಶೋರ ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದ.

ತುಳಜಾಬಾಯಿ ಹಿಂದಿನ ದಿನವೇ ಒಂದು ಹಾಳೆ ಇಟ್ಟು ಗುಂಡಿ ಒತ್ತಿದ್ದಳು. ಯಾರೂ ಹೇಳಿರಲಿಲ್ಲ. ಈಗ ಮಷೀನು ನಿಲ್ಲಿಸಿ ಹಾಳೆ ತೆಗೆದಳು. ಅಂಚು ಹಿಡಿದು, ಒಂದು ಕಣವೂ ಬೀಳದಂತೆ ಮಡಿಚಿ ಲಕೋಟೆಗೆ ಹಾಕಿದಳು. ಕಪ್ಪು ಹಾಳೆ. ಜೇವರ್ಗಿಯದ್ದಕ್ಕಿಂತ ಕಪ್ಪು. ಕೆಳಗಿಳಿದು ಅದನ್ನು ನಂದಕಿಶೋರನ ಕೈಗೇ ಕೊಟ್ಟಳು. ಕಟ್ಟೆಯ ಮೇಲೆ ಇಡಲಿಲ್ಲ.

ಅವನು ತೆರೆದು ನೋಡಿದ. ಮುಖ ಸಪ್ಪಗಾಯಿತು. "ಇದನ್ನ ಜಮಾ ಮಾಡಾಕ ಬರಂಗಿಲ್ರಿ ಬಾಯಾರ. ನಿನ್ನೆಗೇ ಈ ಊರಿನ ಖಾತಿ ಮುಚ್ಚೇತಿ."

"ಇರಲ್ರಿ. ನೋಡಿದ್ರಲ್ಲ?"

"ನೋಡಿದೆ."

ಅವನು ಲಕೋಟೆಯನ್ನು ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡ. ಆ ಕಿಸೆಯಿಂದ ಅದು ಎಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ. ಎಲ್ಲಿಗೂ ಹೋಗಿರಲಿಕ್ಕಿಲ್ಲ.

ಹಗ್ಗ ಕಟ್ಟಿ ಮಷೀನನ್ನು ಕೆಳಗಿಳಿಸಿದರು. ಅದರ ನೆತ್ತಿಯ ಮೇಲೆ, ಸಂದುಗಳಲ್ಲಿ, ಕಾಲುಗಳಲ್ಲಿ ಬೂದಿ ಕೂತಿತ್ತು. ಸಭೆಯಾದ ದಿನದಿಂದ ಅವಳು ಅದನ್ನು ಒರೆಸಿರಲಿಲ್ಲ. ಜೀಪಿನ ಡ್ರೈವರ್ ಮುಖ ಸಿಂಡರಿಸಿದ. ಕಟ್ಟೆಯ ಮೇಲೆ ನಿಂತಿದ್ದ ಗೌಡ, ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು, ಹುಟ್ಟಿದಾಗಿನಿಂದ ಆ ಊರು ಅವಳಿಗೆ ಹೇಳುತ್ತಿದ್ದ ಮಾತನ್ನೇ ಹೇಳಿದ.

"ಒರಸಿ ಕೊಡಬ್ಯಾಡ ಏನ್ ಬೇ? ಸರ್ಕಾರದ ಸಾಮಾನು. ಹಂಗ ಹೊಲಸ ಕೊಡ್ತಾರೇನು?"

ತುಳಜಾಬಾಯಿಯ ಕೈ ಅಭ್ಯಾಸದಂತೆ ಸೆರಗಿಗೆ ಹೋಯಿತು. ಹೋದ ಕೈಯನ್ನು ಅವಳು ಹಿಡಿದು ನಿಲ್ಲಿಸಿದಳು. ಸೆರಗನ್ನು ಎಳೆದು ಸೊಂಟಕ್ಕೆ ಸಿಗಿಸಿದಳು.

"ಒರಸಂಗಿಲ್ಲ."

"ಏನಂದಿ?"

"ಒರಸಂಗಿಲ್ಲ ಅಂದೆ. ಅದು ನನ್ನ ಹೊಲಸ ಅಲ್ಲ."

ಬಸ್ ಸ್ಟ್ಯಾಂಡಿನ ಗಂಡಸರು ನೋಡುತ್ತಿದ್ದರು. ಭುವನೇಶ್ವರಿ ಅಂಗಳದಿಂದ ಇಣುಕಿದಳು. ಏನೂ ಆಗಲಿಲ್ಲ. ಡ್ರೈವರ್ ಒಂದು ಹಳೆಯ ಬನಿಯನ್ ತಂದು ತಾನೇ ಒರೆಸಿದ, ಝಾಡಿಸಿ ಜೀಪಿನಲ್ಲಿ ತುರುಕಿದ. ಬೂದಿ ಎದ್ದು ಗೌಡನ ಚಹಾದಲ್ಲಿ ಬಿತ್ತು. ಗೌಡ ಚಹಾ ಚೆಲ್ಲಿ ಇನ್ನೊಂದು ಕಪ್ಪು ತರಿಸಿಕೊಂಡ. ಜೀಪು ಹೋಯಿತು, ಟಂಟಂ ಹೋಯಿತು. ರಟ್ಟಿನ ಪೆಟ್ಟಿಗೆ ತಿರುವಿನ ತನಕ ಕಾಣಿಸಿತು.

ಅವಳು ಮನೆಗೆ ಬಂದಾಗ ಬೀರಲಿಂಗಪ್ಪ ಗೋಡೆಗೆ ಒರಗಿದ್ದ. ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು. ನೀರು ಎಂದು ಕೈ ಮಾಡಿದ. ಅವಳು ಬಚ್ಚಲಿಗೆ ಹೋಗಲಿಲ್ಲ. ಹಾಗೇ ಬಿಂದಿಗೆಯಿಂದ ಬಗ್ಗಿಸಿ ಕೊಟ್ಟಳು. ಸ್ಟೀಲಿನ ಲೋಟದ ಮೇಲೆ ಅವಳ ಐದು ಬೆರಳು ಕಪ್ಪಗೆ ಮೂಡಿದ್ದವು.

ಅವನು ಲೋಟವನ್ನು ನೋಡಿದ. ಅವಳನ್ನು ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಲೋಟ ಅವನ ಕೈಗೆ ಬಂದಿರಲಿಲ್ಲ.

"ಕೈ ತೊಳ್ಕೊಂಡಿಲ್ಲೇನು?"

"ಇಲ್ಲ."

ಅವನು ಕುಡಿದ. ಒಂದು ಲೋಟ ನೀರು ಕುಡಿಯಲು ಮೂರು ಸಲ ನಿಂತು ಉಸಿರು ತೆಗೆದುಕೊಂಡ.